ದೋಷದ ನೆಲೆ

ಅಮೆರಿಕದ ಒಹಾಯೊ ರಾಜ್ಯದಲ್ಲಿ ರಾಸ್‌ಬರ್ಗ್ ಎಂಬ ಸಣ್ಣ ಊರಿನ ಬಳಿ, ಹೊಲಗಳ ನಡುವೆ, ಎಲ್ಡೋರಾ ಎಂಬ ಹೆಸರಿನ ಒಂದು ಪಂದ್ಯಪಥವುಂಟು. 1954ರಲ್ಲಿ ಆರಂಭವಾದ, ಅರ್ಧ ಮೈಲಿ ಸುತ್ತಳತೆಯ, ತಿರುವುಗಳಲ್ಲಿ ಕಡಿದಾಗಿ ಒಳಕ್ಕೆ ವಾಲಿಕೊಂಡಿರುವ ಈ ಜೇಡಿಮಣ್ಣಿನ ಪಥದಲ್ಲಿ 1971ರಿಂದ ‘ವರ್ಲ್ಡ್ 100’ ಎಂಬ ಪಂದ್ಯವು ನಡೆಯುತ್ತ ಬಂದಿದೆ. ಲೇಟ್ ಮಾಡೆಲ್ ಎಂದು ಕರೆಯಲ್ಪಡುವ, ಚಾಲಕನೂ ಸೇರಿ ಸುಮಾರು 2300 ಪೌಂಡ್ ತೂಗುವ, 800ಕ್ಕೂ ಮೇಲ್ಪಟ್ಟ ಅಶ್ವಶಕ್ತಿಯ ಎಂಜಿನ್ನುಗಳನ್ನು ಹೊತ್ತ ಕಾರುಗಳು ಇಲ್ಲಿ ಸದಾ ಎಡಕ್ಕೇ ತಿರುಗುತ್ತ, ಹಿಂಬದಿಯನ್ನು ಹೊರಕ್ಕೆ ಜಾರಿಸುತ್ತ, ಮುಂದಿನ ಚಕ್ರಗಳನ್ನು ತಿರುವಿಗೆ ಪ್ರತಿಮುಖವಾಗಿ ಹೊರಳಿಸಿಕೊಂಡು ಓಡುವುವು. ಪ್ರೇಕ್ಷಕನಿಗೆ ಗೋಚರವಾಗುವುದು ವೇಗ, ಮಣ್ಣು, ಘೋಷ. ನನ್ನ ಮನಸ್ಸನ್ನು ಸೆಳೆದಿರುವುದಾದರೋ ಅದಕ್ಕೆ ಹಿಂದಿನ ನಿಶ್ಚಲವಾದ ಘಳಿಗೆ. ಆಗ ಕಾರು ಷೆಡ್ಡಿನ ನೆಲದ ಮೇಲೆ ಸುಮ್ಮನೆ ನಿಂತಿರುವುದು. ಮೆಕ್ಯಾನಿಕ್ಕನು ಮೊಣಕಾಲೂರಿ, ಅಳತೆಪಟ್ಟಿಯನ್ನು ಹಿಡಿದು, ಚೌಕಟ್ಟಿನ ಗೊತ್ತಾದ ಬಿಂದುವಿನಿಂದ ನೆಲಕ್ಕೆ ಎಷ್ಟು ಅಂತರವಿದೆಯೆಂದು ನೋಡುತ್ತಿರುವನು. ಈ ಅಂತರಕ್ಕೆ ಅವರು ರೈಡ್ ಹೈಟ್ ಎನ್ನುವರು. ಬಲ ಹಿಂಬದಿಯ ಮೂಲೆಯು ಇರಬೇಕಾದುದಕ್ಕಿಂತ ಅರ್ಧ ಅಂಗುಲ ತಗ್ಗಿದೆ ಎಂದು ಅಳತೆಪಟ್ಟಿಯು ಹೇಳಿತೆನ್ನೋಣ. ಆ ಕ್ಷಣದಲ್ಲಿ ಅವನ ಮುಂದೆ ನಿಲ್ಲುವ ಪ್ರಶ್ನೆಯು ನಮ್ಮ ದರ್ಶನಕಾರರು ಶತಮಾನಗಳ ಕಾಲ ಮಥಿಸಿದ ಪ್ರಶ್ನೆಯೇ ಆಗಿದೆ: ಕಾರ್ಯವು ಎಲ್ಲಿ ತೋರುವುದೋ ಅಲ್ಲಿಯೇ ಕಾರಣವೂ ಇರಬೇಕೆ?

ಕಾರಿನ ಹಿಂಭಾಗದ ರಚನೆಯನ್ನು ಸ್ವಲ್ಪ ತಿಳಿಯದೆ ವಿಚಾರವು ಮುಂದುವರಿಯದು. ಹಿಂದಿನ ಎರಡು ಚಕ್ರಗಳೂ ಒಂದೇ ಗಟ್ಟಿ ಅಚ್ಚಿನ ಎರಡು ತುದಿಗಳಲ್ಲಿರುವುವು. ಅಚ್ಚಿನ ಕೊಳವೆಯ ಇಕ್ಕೆಲಗಳಲ್ಲಿ ಬರ್ಡ್‌ಕೇಜ್ ಎಂಬ ಒಂದೊಂದು ಲೋಹದ ಪಂಜರವು ಬೇರಿಂಗಿನ ಮೇಲೆ ಸರಾಗವಾಗಿ ತಿರುಗುವಂತೆ ಕುಳಿತಿರುವುದು. ಆ ಪಂಜರಗಳಿಂದ ಚೌಕಟ್ಟಿಗೆ ಎರಡೆರಡರಂತೆ ಹೋಗುವ ನಾಲ್ಕು ಸರಳುಗಳು ಅಚ್ಚನ್ನು ಹಿಂದುಮುಂದಾಗದಂತೆ ಹಿಡಿದಿರುವುವು. ಪಕ್ಕಕ್ಕೆ ಸರಿಯದಂತೆ ಹಿಡಿಯಲು ಜೆ-ಬಾರ್ ಎಂಬ ಬಾಗಿದ ಅಡ್ಡಸರಳು, ಎಂಜಿನ್ನಿನ ತಿರುಚುಬಲಕ್ಕೆ ಅಚ್ಚೇ ಸುತ್ತಿಕೊಳ್ಳದಂತೆ ತಡೆಯಲು ಮತ್ತೊಂದು ತೋಳು, ಎಡ ಹಿಂಬದಿಯ ಚೌಕಟ್ಟು ಮಿತಿಮೀರಿ ಮೇಲೇಳದಂತೆ ಕಟ್ಟಿದ ಒಂದು ಸರಪಳಿ. ಭಾರವನ್ನು ಹೊರುವುವು ಷಾಕ್ ಅಬ್ಸಾರ್ಬರಿನ ಸುತ್ತ ತೊಡಿಸಿದ ಸುರುಳಿ ಸ್ಪ್ರಿಂಗುಗಳು. ಸ್ಪ್ರಿಂಗಿನ ತಲೆಯನ್ನು ಒತ್ತಿಹಿಡಿದ ನಟ್ಟೊಂದನ್ನು ತಿರುಗಿಸಿದರೆ ಆ ಮೂಲೆಯು ಏಳುವುದು ಅಥವಾ ಇಳಿಯುವುದು. ಚೌಕಟ್ಟಿನ ಎತ್ತರವು ಬದಲಾದರೆ ನಾಲ್ಕು ಸರಳುಗಳ ಓರೆಯೂ ಬದಲಾಗುವುದು. ಓರೆಯು ಬದಲಾದರೆ ಆಕ್ಸಿಲರೇಟರನ್ನು ಒತ್ತಿದಾಗ ಎಡ ಹಿಂಬದಿಯು ಎಷ್ಟು ಮೇಲೇಳಬೇಕು, ಅಚ್ಚು ಎತ್ತ ಹೊರಳಬೇಕು, ಚಕ್ರವು ಮಣ್ಣನ್ನು ಎಷ್ಟು ಬಿಗಿಯಾಗಿ ಕಚ್ಚಬೇಕು ಎಂಬುದೆಲ್ಲವೂ ಬದಲಾಗುವುದು. ಅರ್ಧ ಅಂಗುಲಕ್ಕೆ ಇಷ್ಟು ಚಿಂತೆಯೇಕೆ ಎಂದು ಕೇಳುವವರಿಗೆ ಇದೇ ಉತ್ತರ.

ಮೊದಲನೆಯ ಪ್ರಲೋಭನೆಯು ಆ ನಟ್ಟಿನದು. ತಗ್ಗಿದ ಮೂಲೆಯ ನಟ್ಟನ್ನು ಕೆಲವು ಸುತ್ತು ತಿರುಗಿಸಿದರೆ ಮೂಲೆಯು ಏಳುವುದು, ಅಳತೆಪಟ್ಟಿಯಲ್ಲಿ ಬೇಕಾದ ಅಂಕೆ ಕಾಣುವುದು, ಕೆಲಸವು ಮುಗಿಯಿತೆಂಬ ಸಮಾಧಾನವೂ ಉಂಟಾಗುವುದು. ಆದರೆ ನಾಲ್ಕು ಚಕ್ರಗಳ ಕೆಳಗೂ ತಕ್ಕಡಿಗಳನ್ನಿರಿಸಿ ನೋಡಿದವನಿಗೆ ಬೇರೊಂದು ಸಂಗತಿಯು ಗೋಚರವಾಗುವುದು. ಬಲ ಹಿಂಬದಿಯನ್ನು ಎತ್ತಿದರೆ ಆ ಚಕ್ರದ ಮೇಲಿನ ಭಾರವು ಹೆಚ್ಚುವುದು. ಅದರೊಡನೆ ಕರ್ಣದ ಆಚೆಯ ತುದಿಯಾದ ಎಡ ಮುಂಬದಿಯ ಭಾರವೂ ಹೆಚ್ಚುವುದು. ಉಳಿದೆರಡು ಚಕ್ರಗಳ ಭಾರವು ಹೆಚ್ಚುಕಡಿಮೆ ಅಷ್ಟೇ ಕುಗ್ಗುವುದು. ಕಾರಿನ ಒಟ್ಟು ತೂಕವಾಗಲಿ, ಹಿಂಬದಿಯ ಒಟ್ಟು ಪಾಲಾಗಲಿ, ಎಡಬದಿಯ ಒಟ್ಟು ಪಾಲಾಗಲಿ ನಟ್ಟಿನ ತಿರುವಿಗೆ ಬದಲಾಗದು. ಬದಲಾಗುವುದು ಕರ್ಣಗಳು ಪರಸ್ಪರ ಹಂಚಿಕೊಂಡ ಭಾರ ಮಾತ್ರ. ಮೂರು ಕಾಲಿನ ಮಣೆಯು ಎಂಥ ನೆಲದ ಮೇಲೂ ನೆಲೆನಿಲ್ಲುವುದು, ನಾಲ್ಕು ಕಾಲಿನದು ಒಂದು ಕಾಲು ಕೂದಲೆಳೆಯಷ್ಟು ಉದ್ದವಾದರೂ ಕರ್ಣದ ಮೇಲೆ ಕುಲುಕಾಡುವುದು. ಕಾರಿನ ಗತಿಯೂ ಅದೇ. ಸ್ಥಿತಿಶಾಸ್ತ್ರದ ಭಾಷೆಯಲ್ಲಿ ಹೇಳುವುದಾದರೆ, ಇಲ್ಲಿ ಸಮತೋಲದ ಸಮೀಕರಣಗಳು ಮೂರೇ, ತಿಳಿಯಬೇಕಾದ ಭಾರಗಳು ನಾಲ್ಕು; ಆದುದರಿಂದ ಯಾವ ಒಂದು ಮೂಲೆಯ ಭಾರವನ್ನೂ ಉಳಿದ ಮೂರನ್ನು ಬಿಟ್ಟು, ಸ್ಪ್ರಿಂಗುಗಳ ಗುಣವನ್ನು ಬಿಟ್ಟು, ಅದೊಂದನ್ನೇ ನೋಡಿ ನಿರ್ಣಯಿಸುವುದು ಸಾಧ್ಯವಿಲ್ಲ.

ಈಗ ಒಂದು ಉದಾಹರಣೆಯನ್ನು ಕೊನೆಯವರೆಗೆ ಅನುಸರಿಸಿ ನೋಡಬೇಕು. ಎಡ ಮುಂಬದಿಯ ನಟ್ಟನ್ನು ಯಾರೋ ಎಂದೋ ತಿರುಗಿಸಿ ಆ ಮೂಲೆಯನ್ನು ಎತ್ತಿದ್ದರೆಂದಿಟ್ಟುಕೊಳ್ಳಿ. ಆ ಮೂಲೆಯ ಭಾರವು ಹೆಚ್ಚಿತು, ಕರ್ಣದ ಆಚೆಯ ಬಲ ಹಿಂಬದಿಯ ಭಾರವೂ ಹೆಚ್ಚಿತು, ಹೆಚ್ಚಿದ ಭಾರಕ್ಕೆ ಬಲ ಹಿಂಬದಿಯ ಸ್ಪ್ರಿಂಗು ಇನ್ನಷ್ಟು ಕುಸಿಯಿತು, ಎತ್ತರವು ತಗ್ಗಿತು. ದೋಷವಿರುವುದು ಒಂದು ತುದಿಯಲ್ಲಿ, ಅದರ ಚಿಹ್ನೆಯು ತೋರುವುದು ಮತ್ತೊಂದು ತುದಿಯಲ್ಲಿ. ಇದನ್ನರಿಯದ ಮೆಕ್ಯಾನಿಕ್ಕನು ಬಲ ಹಿಂಬದಿಯ ನಟ್ಟನ್ನು ತಿರುಗಿಸಿ ಎತ್ತರವನ್ನು ಸರಿಪಡಿಸಿದನೆನ್ನಿ. ಆಗ ಅದೇ ಕರ್ಣದ ಮೇಲೆ ಇನ್ನೊಮ್ಮೆ ಭಾರವು ಬಿದ್ದು, ಮೊದಲಿನ ದೋಷವು ಕಳೆಯುವುದರ ಬದಲು ಇಮ್ಮಡಿಯಾಗುವುದು. ಅಳತೆಪಟ್ಟಿಯು ಆರೋಗ್ಯವನ್ನು ಸಾರುತ್ತಿರುವಾಗ ಎಡ ಹಿಂದಿನ ಚಕ್ರವು ತನ್ನ ಪಾಲಿನ ಭಾರವನ್ನು ಕಳೆದುಕೊಂಡು, ತಿರುವಿನಿಂದ ಹೊರಬೀಳುವ ವೇಳೆಗೆ ಕಾರಿನ ಹಿಂಬದಿಯು ಹಿಡಿತ ತಪ್ಪಿ ಜಾರತೊಡಗುವುದು. ಚಿಹ್ನೆಯನ್ನು ಅಳಿಸುವ ಕ್ರಿಯೆಯೇ ಕಾರಣವನ್ನು ಪೋಷಿಸಬಲ್ಲುದೆಂಬ ಈ ಸಂಗತಿಯನ್ನು ನಾನು ಬಹಳ ಗಂಭೀರವಾಗಿ ಭಾವಿಸುತ್ತೇನೆ. ನೀತಿಯ ಮತ್ತು ಧರ್ಮದ ಕ್ಷೇತ್ರಗಳಲ್ಲಿ ನಾವು ಶುದ್ಧಿಯೆಂದು ಕರೆದುಕೊಂಡಿರುವ ಎಷ್ಟೋ ಕ್ರಿಯೆಗಳು ಕಂಡ ಮೂಲೆಯ ನಟ್ಟನ್ನು ತಿರುಗಿಸುವ ಕ್ರಿಯೆಗಳೇ ಆಗಿವೆ.

ಹಾಗಾದರೆ ಕಾರಣವನ್ನು ಅರಸುವುದು ಹೇಗೆ? ಅದಕ್ಕೂ ಮುಂಚೆ ಇನ್ನೊಂದು ಪ್ರಶ್ನೆಯುಂಟು: ತಗ್ಗಿದೆಯೆಂಬ ಜ್ಞಾನವೇ ಪ್ರಮಾಣವೆ? ಅನುಭವಿಯಾದ ಮೆಕ್ಯಾನಿಕ್ಕನು ಕಾರನ್ನು ಶಂಕಿಸುವ ಮುನ್ನ ನೆಲವನ್ನು ಶಂಕಿಸುವನು. ನೆಲವು ಒಂದು ಕಡೆಗೆ ಇಳಿಜಾರಾಗಿದ್ದರೆ ಅಲ್ಲಿ ಮಾಡಿದ ಅಳತೆಯೆಲ್ಲವೂ ಇಳಿಜಾರಿನ ಅಳತೆಯಾಗುವುದೇ ಹೊರತು ಕಾರಿನದಾಗದು. ಆಮೇಲೆ ಟೈರುಗಳು. ಬಲ ಹಿಂದಿನ ಟೈರಿನ ಸುತ್ತಳತೆಯು ಎಡದ್ದಕ್ಕಿಂತ ಹೆಚ್ಚಾಗಿರುವಂತೆ ಬೇಕೆಂದೇ ಆರಿಸಿರುತ್ತಾರೆ. ಸುತ್ತಳತೆಯಲ್ಲಿ 1 ಅಂಗುಲ ವ್ಯತ್ಯಾಸವಾದರೆ ತ್ರಿಜ್ಯದಲ್ಲಿ 0.16 ಅಂಗುಲ ವ್ಯತ್ಯಾಸವಾಗುವುದರಿಂದ, ಹಿಂದಿನ ವಾರದ್ದಕ್ಕಿಂತ 3 ಅಂಗುಲ ಸಣ್ಣ ಸುತ್ತಳತೆಯ ಟೈರೊಂದನ್ನು ತೊಡಿಸಿದ್ದರೆ ಕಳೆದುಹೋದ ಅರ್ಧ ಅಂಗುಲಕ್ಕೆ ಅಲ್ಲಿಯೇ ಲೆಕ್ಕ ಸಿಕ್ಕಿತು. ಟೈರಿನೊಳಗಣ ಗಾಳಿಯ ಒತ್ತಡ, ಚಾಲಕನು ಆಸನದಲ್ಲಿ ಕುಳಿತಿದ್ದನೋ ಇಲ್ಲವೋ, ಅಚ್ಚಿನ ಹಿಂದಿರುವ ಇಂಧನದ ತೊಟ್ಟಿಯಲ್ಲಿ ಎಷ್ಟಿತ್ತು (ಒಂದು ಗ್ಯಾಲನ್ ಪೆಟ್ರೋಲು ಸುಮಾರು 6 ಪೌಂಡ್ ತೂಗುವುದು), ಹಿಂದಿನ ಪಂದ್ಯದ ಹಸಿಮಣ್ಣು ಕಾರಿನ ಹೊಟ್ಟೆಯಡಿ ಎಷ್ಟು ಅಂಟಿಕೊಂಡಿದೆ ಎಂಬಿವೆಲ್ಲವೂ ಹಿಂದಿನ ಅಳತೆಯ ವೇಳೆಯಲ್ಲಿ ಹೇಗಿದ್ದುವೋ ಈಗಲೂ ಹಾಗೆಯೇ ಇರಬೇಕು. ಜಾಕಿನಿಂದ ಇಳಿಸಿದ ಕಾರನ್ನು ಹಿಂದಕ್ಕೂ ಮುಂದಕ್ಕೂ ಸ್ವಲ್ಪ ಉರುಳಿಸಿ, ಮೂಲೆಗಳನ್ನು ಅದುಮಿ ಬಿಟ್ಟು, ಟೈರುಗಳು ನೆಲವನ್ನು ಕಚ್ಚಿಕೊಂಡು ಅಚ್ಚನ್ನು ಪಕ್ಕಕ್ಕೆ ಎಳೆಹಿಡಿದಿರುವ ಬಿಗುವನ್ನು ಸಡಿಲಿಸದೆ ಅಳೆದರೆ ಆ ಅಳತೆಗೂ ಬೆಲೆಯಿಲ್ಲ.

ಜ್ಞಾನದ ಪ್ರಾಮಾಣ್ಯವು ಸ್ವತಃ ಸಿದ್ಧವೋ ಪರತಃ ಸಿದ್ಧವೋ ಎಂದು ಮೀಮಾಂಸಕರಿಗೂ ನೈಯಾಯಿಕರಿಗೂ ದೀರ್ಘಕಾಲ ವಾದವು ನಡೆಯಿತು. ಬಾಧಕವು ತೋರುವವರೆಗೆ ಜ್ಞಾನವು ತನ್ನ ಬಲದಿಂದಲೇ ಪ್ರಮಾಣವೆಂದು ಮೀಮಾಂಸಕರು. ಅನ್ಯ ಸಾಧನದಿಂದ ಪರೀಕ್ಷಿತವಾದಾಗ ಮಾತ್ರ ಅದರ ಪ್ರಾಮಾಣ್ಯವು ತಿಳಿಯುವುದೆಂದು ನೈಯಾಯಿಕರು. ಹಾಗಾದರೆ ಆ ಅನ್ಯ ಸಾಧನವನ್ನು ಪರೀಕ್ಷಿಸುವುದಾವುದು, ಅದನ್ನು ಪರೀಕ್ಷಿಸುವುದು ಮತ್ತಾವುದು ಎಂದು ಅನವಸ್ಥಾದೋಷವನ್ನು ತೋರಿಸಿ ಮೀಮಾಂಸಕರು ಪ್ರತಿವಾದಿಯನ್ನು ಕಟ್ಟಿಹಾಕಲೆತ್ನಿಸಿದರು. ಷೆಡ್ಡಿನ ನೆಲದ ಮೇಲಿರುವ ರಸಮಟ್ಟವು ಈ ವಾದಕ್ಕೆ ಒಂದು ಸೊಗಸಾದ ಸಾಕ್ಷಿ. ರಸಮಟ್ಟವನ್ನು ಒಂದು ಸಲ ಇರಿಸಿ ಗುಳ್ಳೆಯನ್ನು ನೋಡಿ, ಆಮೇಲೆ ಅದೇ ಸ್ಥಳದಲ್ಲಿ ಅದರ ತುದಿಗಳನ್ನು ಅದಲುಬದಲಾಗಿಸಿ ಮತ್ತೆ ನೋಡಬೇಕು. ಗುಳ್ಳೆಯು ಎರಡು ಸಲವೂ ಕೋಣೆಯ ಒಂದೇ ಗೋಡೆಯತ್ತ ಸರಿದರೆ ಓರೆಯಾಗಿರುವುದು ನೆಲ; ಎರಡು ಸಲವೂ ಉಪಕರಣದ ಒಂದೇ ತುದಿಯತ್ತ ಸರಿದರೆ ಓರೆಯಾಗಿರುವುದು ಉಪಕರಣ. ಬೇರೊಂದು ರಸಮಟ್ಟದ ಹಂಗಿಲ್ಲದೆ, ತನ್ನನ್ನೇ ತಿರುಗಿಸಿ ನೋಡಿಕೊಳ್ಳುವುದರಿಂದಲೇ, ಈ ಸಾಧನವು ತನ್ನ ದೋಷವನ್ನೂ ತನ್ನ ವಿಷಯದ ದೋಷವನ್ನೂ ಬೇರೆಬೇರೆಯಾಗಿ ತೋರಿಸಿಕೊಡುವುದು. ಕೊನೆಗೆ ಪ್ರವೃತ್ತಿಯ ಸಾಫಲ್ಯವೇ ಪ್ರಾಮಾಣ್ಯದ ನಿಕಷವೆಂದು ನೈಯಾಯಿಕರು ಕೊಟ್ಟ ಉತ್ತರವನ್ನೂ ಮೆಕ್ಯಾನಿಕ್ಕನು ಒಪ್ಪುವನು. ಪಥದ ಮೇಲೆ ಕಾರು ಓಡಿ ತೋರಿಸಬೇಕು. ಆದರೆ ಓಟಕ್ಕೆ ಮೊದಲೇ ತನ್ನ ಸಾಧನವನ್ನು ತಿರುವಿಹಾಕಿ ನೋಡುವ ಅಭ್ಯಾಸವು ಅವನಲ್ಲಿ ಬೇರೂರಿರುವುದನ್ನು ಕಂಡರೆ ನನಗೆ ಅದು ಒಂದು ಬಗೆಯ ಧಾರ್ಮಿಕ ನಿಷ್ಠೆಯಾಗಿಯೇ ತೋರುವುದು.

ನೆಲವು ಸಮ, ಟೈರುಗಳು ಸರಿ, ತೊಟ್ಟಿಯ ತೂಕವು ಮೊದಲಿನಂತೆಯೇ ಇದೆ. ಆದರೂ ಮೂಲೆಯು ತಗ್ಗಿದೆ. ಇಲ್ಲಿಂದ ಕಾರಣದ ಶೋಧನೆಯು ಆರಂಭವಾಗುವುದು. ಕಾರ್ಯಕ್ಕೆ ನಿಯತವಾಗಿ ಪೂರ್ವದಲ್ಲಿರುವುದು ಮಾತ್ರ ಸಾಲದು, ಅದು ಅನ್ಯಥಾಸಿದ್ಧವೂ ಆಗಿರಬಾರದೆಂಬುದು ನ್ಯಾಯಶಾಸ್ತ್ರದ ನಿಲುವು. ಈ ಅನ್ಯಥಾಸಿದ್ಧಗಳನ್ನು ನೈಯಾಯಿಕನಾದ ವಿಶ್ವನಾಥನು ಐದು ಬಗೆಯಾಗಿ ವಿಂಗಡಿಸಿದ್ದಾನೆ. ಕುಂಬಾರನ ಕತ್ತೆಯು ಮಣ್ಣನ್ನು ಹೊತ್ತು ತಂದಿತೆಂದ ಮಾತ್ರಕ್ಕೆ ಅದು ಗಡಿಗೆಗೆ ಕಾರಣವಲ್ಲ. ಮಣ್ಣು ಬೇರೆ ದಾರಿಯಿಂದ ಬಂದಿದ್ದರೂ ಗಡಿಗೆಯು ಆಗುತ್ತಿತ್ತು. ಷೆಡ್ಡಿನಲ್ಲಿ ಇಂಥ ಕತ್ತೆಗಳಿಗೆ ಬರವಿಲ್ಲ. ಹೋದ ವಾರ ಹೊಸ ಷಾಕನ್ನು ತೊಡಿಸಿದೆವು, ಈ ವಾರ ಎತ್ತರ ತಗ್ಗಿದೆ, ಆದುದರಿಂದ ಷಾಕೇ ಕಾರಣವೆಂಬ ತರ್ಕವು ಪೂರ್ವವರ್ತಿಯನ್ನು ಕಾರಣವೆಂದು ಎಣಿಸುವ ತರ್ಕ. ಅದನ್ನು ಖಚಿತಪಡಿಸಿಕೊಳ್ಳಲು ಅನ್ವಯವ್ಯತಿರೇಕಗಳೇ ಬೇಕು. ಬಲ ಹಿಂಬದಿಯ ಸ್ಪ್ರಿಂಗನ್ನು ತೆಗೆದು, ಒತ್ತಿ ಅಳೆದು ಗುಣವನ್ನು ಗುರುತಿಸಿಟ್ಟ ಮತ್ತೊಂದನ್ನು ಅಲ್ಲಿಗೆ ಹಾಕಿದಾಗ ಎತ್ತರವು ಸರಿಹೋಗಿ, ಹಳೆಯದನ್ನು ಮತ್ತೆ ಹಾಕಿದಾಗ ಮತ್ತೆ ತಗ್ಗಿದರೆ ಮಾತ್ರ ಸ್ಪ್ರಿಂಗು ಕಾರಣ. ಸ್ಪ್ರಿಂಗಿನ ಮೇಲೆ 500 ಪೌಂಡ್ ಭಾರವಿದ್ದು, ಅದು ಅಂಗುಲಕ್ಕೆ 200 ಪೌಂಡ್ ತಡೆಯುವುದಾದರೆ ಎರಡೂವರೆ ಅಂಗುಲ ಕುಸಿಯುವುದು; ಯಾರೋ ಅಂಗುಲಕ್ಕೆ 175 ಪೌಂಡಿನ ಸ್ಪ್ರಿಂಗನ್ನು ತಪ್ಪಾಗಿ ಹಾಕಿದ್ದರೆ ಮತ್ತೆ ಮೂರನೆಯ ಒಂದಂಗುಲಕ್ಕೂ ಮಿಕ್ಕು ಕುಸಿಯುವುದು. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಬೇಕೆಂಬ ನಿಯಮವು ಇಲ್ಲಿ ವ್ರತದಂತೆ ಪಾಲನೆಯಾಗಬೇಕು. ಎರಡನ್ನು ಒಟ್ಟಿಗೆ ಬದಲಾಯಿಸಿದವನು ಕಾರನ್ನು ಸರಿಪಡಿಸಿಯಾನು, ಕಾರಣವನ್ನು ಮಾತ್ರ ಅರಿಯಲಾರನು.

ಒಂದೇ ಕಾರ್ಯಕ್ಕೆ ಅನೇಕ ಕಾರಣಗಳಿರಬಹುದಲ್ಲ, ಆಗ ವ್ಯತಿರೇಕವು ಹೇಗೆ ನಿಲ್ಲುವುದೆಂಬ ಆಕ್ಷೇಪವು ಪ್ರಾಚೀನವಾದುದು. ಹುಲ್ಲಿನಿಂದಲೂ ಬೆಂಕಿಯಾಗುವುದು, ಅರಣಿಯ ಮಥನದಿಂದಲೂ ಆಗುವುದು, ಸೂರ್ಯಕಾಂತಮಣಿಯಿಂದಲೂ ಆಗುವುದು. ಇದಕ್ಕೆ ನೈಯಾಯಿಕರು, ಆ ಬೆಂಕಿಗಳು ಮೇಲ್ನೋಟಕ್ಕೆ ಒಂದೇ ಆಗಿ ತೋರಿದರೂ ಜಾತಿಯಲ್ಲಿ ಬೇರೆಬೇರೆ, ಸೂಕ್ಷ್ಮವಾಗಿ ನೋಡಿದರೆ ಕಾರ್ಯದ ವೈಜಾತ್ಯವು ಕಂಡೀತು ಎಂದು ಉತ್ತರವಿತ್ತರು. ಶಾಸ್ತ್ರದ ಪುಟಗಳಲ್ಲಿ ಕೇವಲ ವಾದಕೌಶಲವೆಂದು ತೋರುವ ಈ ಮಾತು ಷೆಡ್ಡಿನಲ್ಲಿ ಪ್ರತ್ಯಕ್ಷವಾಗುವುದು. ಸ್ಪ್ರಿಂಗು ಸೋತು ತಗ್ಗಿದ ಮೂಲೆಯು ಎಷ್ಟು ಸಲ ಅದುಮಿ ಬಿಟ್ಟು ಅಳೆದರೂ ಒಂದೇ ಅಂಕೆಯನ್ನು ತೋರಿಸುವುದು. ಬರ್ಡ್‌ಕೇಜಿನ ಬೇರಿಂಗಿಗೆ ಮಣ್ಣು ಸೇರಿ ಬಿಗಿದಿದ್ದರೆ, ಅಥವಾ ಷಾಕಿನ ಕಡ್ಡಿಯು ಬಾಗಿದ್ದರೆ, ಕೆಳಕ್ಕೆ ಅದುಮಿ ಬಿಟ್ಟಾಗ ಒಂದು ಅಳತೆ, ಮೇಲಕ್ಕೆ ಎತ್ತಿ ಬಿಟ್ಟಾಗ ಇನ್ನೊಂದು ಅಳತೆ ಬರುವುದು. ಗೋಡೆಗೆ ತಾಗಿ ಚೌಕಟ್ಟೇ ಸೊಟ್ಟಗಾಗಿದ್ದರೆ ಅದರ ಕರ್ಣಗಳನ್ನು ಅಳೆದಾಗ ಒಂದಕ್ಕೊಂದು ಹೊಂದವು. ಎಡಗಡೆಯ ಸರಪಳಿಯು ಚಿಕ್ಕದಾಗಿ, ಕಾರು ನಿಂತಿರುವಾಗಲೇ ಬಿಗಿದುಕೊಂಡಿದ್ದರೆ ಆ ಮೂಲೆಯ ನಟ್ಟನ್ನು ತಿರುಗಿಸಿದರೂ ಎತ್ತರವು ಏಳದು, ಸ್ಪ್ರಿಂಗು ಮಾತ್ರ ಇನ್ನಷ್ಟು ಒತ್ತಿಕೊಳ್ಳುವುದು. ಅರ್ಧ ಅಂಗುಲವೆಂಬ ಒಂದೇ ಅಂಕೆಯೊಳಗೆ ಇಷ್ಟು ಜಾತಿಯ ಅರ್ಧ ಅಂಗುಲಗಳಿವೆ. ಕಾಣುವ ಕಣ್ಣು ಬೇಕು, ಅದಕ್ಕಿಂತ ಹೆಚ್ಚಾಗಿ ಕಾಯುವ ತಾಳ್ಮೆ ಬೇಕು.

ಈ ವಿಚಾರದಲ್ಲಿ ನನಗೆ ಅತ್ಯಂತ ಹೃದ್ಯವಾದ ಭಾಗವು ಇನ್ನು ಮುಂದಿನದು. ಕಾರಣಗಳು ಸಮವಾಯಿ, ಅಸಮವಾಯಿ, ನಿಮಿತ್ತವೆಂದು ಮೂರು ಬಗೆ. ಬಟ್ಟೆಗೆ ನೂಲು ಸಮವಾಯಿಕಾರಣ, ನೇಯುವವನು ನಿಮಿತ್ತಕಾರಣ. ಇವೆರಡರ ನಡುವೆ, ನೂಲುಗಳ ಪರಸ್ಪರ ಸಂಯೋಗವೆಂಬುದು ಅಸಮವಾಯಿಕಾರಣ. ಸಂಯೋಗಕ್ಕೆ ಕಾರಣತ್ವದ ಪ್ರತ್ಯೇಕ ಸ್ಥಾನವನ್ನು ಕೊಟ್ಟದ್ದು ನ್ಯಾಯವೈಶೇಷಿಕರ ದೊಡ್ಡ ಸೂಕ್ಷ್ಮತೆ. ಕಾರಿನ ಪ್ರತಿಯೊಂದು ಭಾಗವನ್ನೂ ಕಳಚಿ ಮೇಜಿನ ಮೇಲಿರಿಸಿ ಪರೀಕ್ಷಿಸಿದಾಗ ಎಲ್ಲವೂ ನಿರ್ದುಷ್ಟವಾಗಿರುವುದು ಉಂಟು. ಸ್ಪ್ರಿಂಗಿನ ಗುಣ ಸರಿ, ಷಾಕಿನ ಕಡ್ಡಿ ನೇರ, ಬೇರಿಂಗು ನುಣುಪು, ಸರಳುಗಳ ಉದ್ದ ಲೆಕ್ಕಕ್ಕೆ ಸರಿ. ಜೋಡಿಸಿದೊಡನೆ ಮೂಲೆಯು ಮತ್ತೆ ತಗ್ಗುವುದು. ಆಗ ಕುಶಲಿಗಳು ಮಾಡುವುದೇನೆಂದರೆ, ಸ್ಪ್ರಿಂಗು ಷಾಕುಗಳೆರಡನ್ನೂ ತೆಗೆದುಹಾಕಿ, ಉಳಿದ ಸರಳುಗಳೆಲ್ಲ ಜೋಡಣೆಯಲ್ಲಿರುವಂತೆಯೇ, ಜಾಕಿನಿಂದ ಅಚ್ಚನ್ನು ಮೆಲ್ಲನೆ ಮೇಲಕ್ಕೂ ಕೆಳಕ್ಕೂ ಆಡಿಸಿ, ಎಲ್ಲಿ ಬಿಗಿಯುವುದೆಂದು ಕೈಯಿಂದ ಅರಿಯುವರು. ಎಲ್ಲೋ ಒಂದು ಸರಳಿನ ತುದಿಯ ಗೋಳದ ಕೀಲು ತನ್ನ ಹೊರಳುವಿಕೆಯ ಎಲ್ಲೆಯನ್ನು ಮುಟ್ಟಿ ಒರಗಿಕೊಂಡಿರುವುದು, ಅಥವಾ ಜೆ-ಬಾರು ಪಂಜರಕ್ಕೆ ತಾಗುತ್ತಿರುವುದು. ಆ ಸರಳಿಗೂ ದೋಷವಿಲ್ಲ, ಆ ಕೀಲಿಗೂ ದೋಷವಿಲ್ಲ. ದೋಷವಿರುವುದು ಅವೆರಡೂ ಕೂಡಿದ ಕೂಟದಲ್ಲಿ.

ಮನುಷ್ಯರ ವಿಷಯದಲ್ಲಿ ನಾವು ಈ ಸಾಧ್ಯತೆಯನ್ನು ಎಷ್ಟು ಸುಲಭವಾಗಿ ಮರೆಯುತ್ತೇವೆ! ಒಂದು ಮನೆಯಲ್ಲಿ ವೈಮನಸ್ಯವು ತಲೆದೋರಿದರೆ ಅತ್ತೆಯು ಕೆಟ್ಟವಳೋ ಸೊಸೆಯು ಕೆಟ್ಟವಳೋ ಎಂದು ಕೇಳುವೆವು. ಇಬ್ಬರನ್ನೂ ಬೇರೆಬೇರೆಯಾಗಿ ಬಲ್ಲವರು ಇಬ್ಬರೂ ಸಾಧುಗಳೆಂದರೆ ಯಾರೋ ಸುಳ್ಳು ಹೇಳುತ್ತಿರುವರೆಂದು ಭಾವಿಸುವೆವು. ಪಾಪವು ಯಾವನೋ ಒಬ್ಬನಲ್ಲಿ ಸಮವೇತವಾಗಿರಲೇಬೇಕೆಂಬುದು ನಮ್ಮ ಹಟ. ದಂಡವಿಧಿಗೆ ಅದು ಅನುಕೂಲವೆಂಬುದರಲ್ಲಿ ಸಂದೇಹವಿಲ್ಲ, ಸಂಯೋಗವನ್ನು ಸೆರೆಮನೆಗೆ ಹಾಕುವುದು ಸಾಧ್ಯವಿಲ್ಲವಷ್ಟೆ. ಆದರೆ ಸತ್ಯವನ್ನು ಅರಸುವ ಧರ್ಮಕ್ಕೆ ಅದು ಅನುಕೂಲವಲ್ಲ. ನಿರ್ದುಷ್ಟವಾದ ಭಾಗಗಳಿಂದ ದುಷ್ಟವಾದ ಸಮುದಾಯವು ಹುಟ್ಟಬಲ್ಲುದೆಂದು ಒಪ್ಪಿಕೊಂಡವನು ದೂಷಣೆಗೆ ಮುನ್ನ ಒಮ್ಮೆ ನಿಲ್ಲುವನು. ಈ ನಿಲುಗಡೆಯನ್ನು ನಾನು ಕರುಣೆಯ ಅಂಗವೆಂದು ಮಾತ್ರವಲ್ಲ, ವಿವೇಕದ ಅಂಗವೆಂದೂ ಎಣಿಸುತ್ತೇನೆ.

ಇನ್ನು ಶೋಧಿಸಲು ಬೇಸತ್ತವರಿಗೆ ಎರಡು ಆಶ್ರಯಗಳುಂಟು. ಮೊದಲನೆಯದು ಸ್ವಭಾವವಾದ: ಈ ಕಾರೇ ಹೀಗೆ, ಇದರ ಹುಟ್ಟುಗುಣವೇ ಹೀಗೆ ಎಂಬುದು. ಮುಳ್ಳಿನ ಮೊನಚಿಗೂ ನವಿಲಿನ ಬಣ್ಣಕ್ಕೂ ಕಾರಣವನ್ನು ಕೇಳುವುದು ವ್ಯರ್ಥವೆಂದ ಪ್ರಾಚೀನ ಸ್ವಭಾವವಾದಿಗಳ ಸಂತತಿಯಿದು. ಕಾರ್ಯವು ಆಕಸ್ಮಿಕವಾಗಿದ್ದರೆ ಅದು ಕಾದಾಚಿತ್ಕವಾಗಿರುವುದು, ಎಂದರೆ ಒಮ್ಮೆ ಇದ್ದು ಒಮ್ಮೆ ಇಲ್ಲದಿರುವುದು, ಹೇಗೆಂದು ಉದಯನನು ನ್ಯಾಯಕುಸುಮಾಂಜಲಿಯ ಆರಂಭದಲ್ಲಿಯೇ ಇವರನ್ನು ಎದುರಿಸಿದನು. ಹೋದ ತಿಂಗಳು ಸರಿಯಾಗಿದ್ದ ಎತ್ತರವು ಈ ತಿಂಗಳು ತಗ್ಗಿರುವುದಾದರೆ ಅದು ಹುಟ್ಟುಗುಣವಾಗುವುದೆಂತು? ಎರಡನೆಯ ಆಶ್ರಯವು ಅದೃಷ್ಟ. ಹಸಿರು ಬಣ್ಣದ ಕಾರು ಅಶುಭವೆಂದೂ ಪಂದ್ಯದ ಆವರಣದೊಳಗೆ ಸಿಪ್ಪೆಸಹಿತವಾದ ಕಡಲೆಕಾಯಿಯನ್ನು ತರಬಾರದೆಂದೂ ಅಮೆರಿಕದ ಓಟಗಾರರಲ್ಲಿ ಬಹುಕಾಲ ನಂಬಿಕೆಯಿತ್ತು. ಇದನ್ನು ಅಸಡ್ಡೆಯಿಂದ ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಪ್ರಾಣವನ್ನು ಪಣವಾಗಿಟ್ಟವನ ಭಯಕ್ಕೆ ಗೌರವವನ್ನು ಕೊಡಬೇಕು. ವೈಶೇಷಿಕಸೂತ್ರಗಳೇ ಸೂಜಿಯು ಅಯಸ್ಕಾಂತದತ್ತ ಸರಿಯುವುದಕ್ಕೂ ಜ್ವಾಲೆಯು ಮೇಲ್ಮುಖವಾಗಿ ಏಳುವುದಕ್ಕೂ ಅದೃಷ್ಟವನ್ನು ಕಾರಣವಾಗಿ ಹೇಳಿವೆ. ಆದರೆ ಅದೇ ಪರಂಪರೆಯು, ದೃಷ್ಟಕಾರಣವು ದೊರೆಯುವಲ್ಲಿ ಅದೃಷ್ಟವನ್ನು ಕಲ್ಪಿಸುವುದು ನ್ಯಾಯವಲ್ಲವೆಂಬ ವಿವೇಕವನ್ನೂ ಇರಿಸಿಕೊಂಡಿತು. ದೇವರನ್ನು ನಂಬುವವನೂ ಮೊದಲು ಬೇರಿಂಗನ್ನು ಬಿಚ್ಚಿ ನೋಡಬೇಕು; ಬಿಚ್ಚಿ ನೋಡಿದುದರಿಂದ ಅವನ ನಂಬಿಕೆಗೆ ಊನವಾಗದು, ಬಿಚ್ಚದೆ ಬಿಟ್ಟುದರಿಂದ ಆದೀತು.

ನ್ಯಾಯಸೂತ್ರಗಳ ಎರಡನೆಯ ಸೂತ್ರದಲ್ಲಿಯೇ ಗೌತಮನು ಇಂಥದೊಂದು ಶೋಧನೆಯ ಕ್ರಮವನ್ನು ಹಾಕಿಕೊಟ್ಟಿರುವನು. ದುಃಖಕ್ಕೆ ಜನ್ಮವು ಕಾರಣ, ಜನ್ಮಕ್ಕೆ ಪ್ರವೃತ್ತಿ, ಪ್ರವೃತ್ತಿಗೆ ರಾಗದ್ವೇಷಾದಿ ದೋಷಗಳು, ದೋಷಗಳಿಗೆ ಮಿಥ್ಯಾಜ್ಞಾನ; ಕೊನೆಯದು ಕಳೆದರೆ ಅದರ ಹಿಂದಿನದು, ಅದು ಕಳೆದರೆ ಅದಕ್ಕೂ ಹಿಂದಿನದು, ಹೀಗೆ ಒಂದೊಂದಾಗಿ ಕಳೆದು ಅಪವರ್ಗವು ಸಿದ್ಧಿಸುವುದೆಂಬುದು ಅದರ ಆಶಯ. ದುಃಖವು ತೋರುವ ನೆಲೆಯಲ್ಲಿ ದುಃಖವನ್ನು ಕೀಳಲು ಹೊರಡದೆ, ಸರಪಳಿಯನ್ನು ಹಿಡಿದು ಹಿಂದಕ್ಕೆ ನಡೆದು, ಅತಿ ದೂರದ ಕೊಂಡಿಯಲ್ಲಿ ಕೈಯಿಕ್ಕಬೇಕೆಂಬ ಈ ಧೈರ್ಯವೇ ಅದರ ಮಹಿಮೆ. ಯೋಗಸೂತ್ರಗಳಿಗೆ ಭಾಷ್ಯವನ್ನು ಬರೆದ ವ್ಯಾಸನು ಮೋಕ್ಷಶಾಸ್ತ್ರವನ್ನು ಚಿಕಿತ್ಸಾಶಾಸ್ತ್ರದೊಡನೆ ಹೋಲಿಸಿ, ರೋಗ, ರೋಗಹೇತು, ಆರೋಗ್ಯ, ಔಷಧವೆಂಬ ನಾಲ್ಕು ವಿಭಾಗಗಳನ್ನು ಎರಡಕ್ಕೂ ಸಮಾನವಾಗಿ ಕಂಡನು. ಇಲ್ಲಿ ಹೇತುವಿಗೆ ಔಷಧಕ್ಕಿಂತ ಮುಂಚಿನ ಸ್ಥಾನವಿರುವುದನ್ನು ಗಮನಿಸಬೇಕು. ಕಾರಿನ ಮತ್ತು ಆತ್ಮದ ನಡುವಣ ಸಾಮ್ಯಕ್ಕೆ ಒಂದು ಮಿತಿಯೂ ಉಂಟು, ಅದನ್ನು ಮುಚ್ಚಿಡಬಾರದು. ಮೆಕ್ಯಾನಿಕ್ಕನು ಕಾರಿನ ಹೊರಗೆ ನಿಂತು ಕಾರನ್ನು ಪರೀಕ್ಷಿಸುವನು. ತನ್ನ ದೋಷವನ್ನು ಅರಸುವ ಸಾಧಕನಿಗೆ ಅಂಥ ಹೊರನಿಲುವಿಲ್ಲ, ಅವನ ಅಳತೆಗೋಲೇ ಅಳೆಯಲ್ಪಡಬೇಕಾದ ವಸ್ತುವಿನ ಒಂದು ಭಾಗ. ಮಿಥ್ಯಾಜ್ಞಾನವುಳ್ಳವನು ತನ್ನ ಮಿಥ್ಯಾಜ್ಞಾನವನ್ನು ಕಂಡುಹಿಡಿಯುವುದು ಹೇಗೆಂಬ ಪ್ರಶ್ನೆಗೆ ಬೇರೆ ದರ್ಶನಗಳು ಗುರುವನ್ನೋ ಶ್ರುತಿಯನ್ನೋ ಅನುಗ್ರಹವನ್ನೋ ಹೇಳುವುವು. ಅವುಗಳನ್ನು ನಿರಾಕರಿಸದೆಯೂ ನಾನು ಆ ರಸಮಟ್ಟದತ್ತ ಬೆರಳು ತೋರುತ್ತೇನೆ. ನಾನು ನಿಂತ ನೆಲೆಯನ್ನು ಬದಲಿಸಿ, ನನ್ನ ಎಡವನ್ನು ಬಲವಾಗಿಸಿಕೊಂಡು, ನನ್ನ ವಿರೋಧಿಯ ಸ್ಥಾನದಲ್ಲಿ ನಿಂತು ನೋಡಿದಾಗಲೂ ಓರೆಯು ಅದೇ ಗೋಡೆಯತ್ತ ಕಂಡರೆ ಅದು ಲೋಕದ ಓರೆ; ನಾನು ತಿರುಗಿದಂತೆಲ್ಲ ಓರೆಯೂ ನನ್ನೊಡನೆ ತಿರುಗಿದರೆ ಅದು ನನ್ನ ಓರೆ.

ಇಷ್ಟೆಲ್ಲ ಶೋಧನೆಗೆ ಕಾಲವು ಬೇಕು. ಪಂದ್ಯದ ರಾತ್ರಿ ಕಾಲವಿರದು. ಸಾಲಿನಲ್ಲಿ ನಿಲ್ಲಬೇಕೆಂಬ ಕರೆಯು ಬಂದಾಗ ಕಾರಣವು ಇನ್ನೂ ಸಿಕ್ಕಿರದಿದ್ದರೆ ಮೆಕ್ಯಾನಿಕ್ಕನು ಮಾಡತಕ್ಕದ್ದೇನು? ನಟ್ಟನ್ನು ತಿರುಗಿಸಿ ಆ ರಾತ್ರಿಗೆ ಹೊಂದಿಸಿಕೊಳ್ಳುವುದು ತಪ್ಪೆಂದು ನಾನು ಹೇಳಲಾರೆ. ಇದಕ್ಕೆ ಸದೃಶವಾದ ಚರ್ಚೆಯೊಂದು ನಮ್ಮ ನಾಡಿನ ಕಲ್ಯಾಣದಲ್ಲಿ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದ ವಿಜ್ಞಾನೇಶ್ವರನ ಮಿತಾಕ್ಷರೆಯಲ್ಲಿ ನಡೆದಿದೆ. ಪ್ರಾಯಶ್ಚಿತ್ತದಿಂದ ಪಾಪವು ನಾಶವಾಗುವುದೋ ಇಲ್ಲವೋ ಎಂಬ ಪ್ರಸಂಗದಲ್ಲಿ ಅವನು ಪಾಪಕ್ಕೆ ಎರಡು ಶಕ್ತಿಗಳನ್ನು ಹೇಳುವನು: ನರಕವನ್ನುಂಟುಮಾಡುವುದು ಒಂದು, ಜನರೊಡನೆ ವ್ಯವಹರಿಸದಂತೆ ತಡೆಯುವುದು ಇನ್ನೊಂದು. ಬುದ್ಧಿಪೂರ್ವಕವಾಗಿ ಮಾಡಿದ ಮಹಾಪಾಪಕ್ಕೆ ಪ್ರಾಯಶ್ಚಿತ್ತವು ಎರಡನೆಯ ಶಕ್ತಿಯನ್ನು ಮಾತ್ರ ಕಳೆದು ಮನುಷ್ಯನನ್ನು ವ್ಯವಹಾರ್ಯನನ್ನಾಗಿ ಮಾಡಬಹುದು; ಮೊದಲನೆಯದು ಹಾಗೆಯೇ ಉಳಿದಿರಬಹುದು. ಈ ವಿಭಜನೆಯ ಪ್ರಾಮಾಣಿಕತೆಯು ನನಗೆ ಬಹಳ ಮೆಚ್ಚಿಕೆ. ತಿರುಗಿಸಿದ ನಟ್ಟು ಕಾರನ್ನು ಆ ರಾತ್ರಿಯ ಓಟಕ್ಕೆ ವ್ಯವಹಾರ್ಯವಾಗಿ ಮಾಡುವುದು, ದೋಷವನ್ನು ಕಳೆಯದು. ಆದಕಾರಣ ಬಲ್ಲ ಮೆಕ್ಯಾನಿಕ್ಕನು ಯಾವ ಮೂಲೆಯಲ್ಲಿ ಎಷ್ಟು ಸುತ್ತು ತಿರುಗಿಸಿದೆನು, ತಿರುಗಿಸುವ ಮುನ್ನ ನಾಲ್ಕು ಚಕ್ರಗಳ ಭಾರವೆಷ್ಟಿತ್ತು, ಆಮೇಲೆ ಎಷ್ಟಾಯಿತು ಎಂಬುದನ್ನು ಟಿಪ್ಪಣಿಪುಸ್ತಕದಲ್ಲಿ ಬರೆದು, ಅದರ ಮುಂದೆ ಕಾರಣವು ಇನ್ನೂ ತಿಳಿದಿಲ್ಲವೆಂದೂ ಬರೆಯುವನು. ಈ ಕೊನೆಯ ಸಾಲನ್ನು ಬರೆಯದಿದ್ದರೆ ಮುಂದಿನ ವಾರ ಷೆಡ್ಡಿಗೆ ಬರುವ ಇನ್ನೊಬ್ಬನು ಆ ಎತ್ತರವನ್ನೇ ಸ್ವಸ್ಥಸ್ಥಿತಿಯೆಂದು ನಂಬಿ, ಅದರ ಆಧಾರದ ಮೇಲೆ ಉಳಿದ ಮೂರು ಮೂಲೆಗಳನ್ನು ಹೊಂದಿಸಲು ಕೂಡುವನು.